ಹುತ್ತಕ್ಕೆ ಕೈ ಹಾಕಿದ ದಿನ

ನಾನು ಚಿಕ್ಕವಳಿದ್ದಾಗ ಎಲ್ಲಿ ತೂತು ಕಂಡರೂ ಇಣುಕುತ್ತಿದ್ದೆ. ಬಿದಿರಿನ ಗಳುವಿನಲ್ಲಿ ದುಂಬಿ ಕೊರೆದ ತೂತು, ಬದುವಿನಲ್ಲಿ ಏಡಿ ತೋಡಿದ ಬಿಲ, ಅಟ್ಟದ ಹಲಗೆಯ ಸಂದು, ಯಾವುದನ್ನೂ ಬಿಡುತ್ತಿರಲಿಲ್ಲ. ಒಳಗೆ ಏನಿದೆ ಎಂದು ತಿಳಿಯದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಇವಳು ಹುಟ್ಟುವಾಗಲೇ ಒಂದು ಕಣ್ಣು ಮುಚ್ಚಿಕೊಂಡಿದ್ದಳು ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ನಮ್ಮ ಊರು ಪಿರಿಯಾಪಟ್ಟಣದ ಕಡೆ, ಹಾರನಹಳ್ಳಿಯಿಂದ ಮುಕ್ಕಾಲು ಗಂಟೆಯ ನಡಿಗೆ. ಕೆಂಪು ನೆಲ, ಮಳೆ ನಂಬಿದ ಹೊಲಗಳು. ನಮ್ಮ ಹೊಲದ ಮೂಲೆಯಲ್ಲಿ, ಬೇವಿನ ಮರಕ್ಕೆ ಒರಗಿಕೊಂಡಂತೆ, ಒಂದು ಹುತ್ತವಿತ್ತು. ನನಗಿಂತ ಒಂದು ಮೊಳ ಎತ್ತರ. ಮೇಲೆ ಮೂರು ನಾಲ್ಕು ಕೋಡು, ಎದುರಿಗೆ ಒಂದು ದೊಡ್ಡ ಬಾಯಿ. ವರ್ಷಕ್ಕೊಮ್ಮೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ಅರಿಶಿನ ಕುಂಕುಮ ಇಟ್ಟು, ಆ ಬಾಯಿಗೆ ಹಾಲು ಬಿಟ್ಟು ತನಿ ಎರೆಯುತ್ತಿದ್ದಳು. ಒಳಗೆ ಇರುವುದು ಸ್ವಾಮಿ ಎನ್ನುತ್ತಿದ್ದಳು ಅವ್ವ. ಅಕ್ಕ ಕೇಳಿದರೆ, ಹಾವು. ಶಾಲೆಯ ಮೇಷ್ಟ್ರು ಮಾತ್ರ ಅದು ಗೆದ್ದಲು ಕಟ್ಟಿದ ಗೂಡು ಎಂದಿದ್ದರು. ಮೂವರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಒಳಗೆ ಇರುವುದು ಯಾರು?

ಆ ದಿನ ಬೇಸಿಗೆ ರಜೆ. ಹಿಂದಿನ ಸಂಜೆ ಭರಣಿ ಮಳೆ ಚೆನ್ನಾಗಿ ಹುಯ್ದಿತ್ತು. ಬೆಳಿಗ್ಗೆಯೇ ಅಪ್ಪ ಹೊಲದ ಆಚೆ ತುದಿಯಲ್ಲಿ ನೇಗಿಲು ಕಟ್ಟಿದ್ದ. ಮಗುಚಿದ ಮಣ್ಣಿನ ವಾಸನೆ ಬಾಯಿಗೂ ರುಚಿ ಹತ್ತುವಂತಿತ್ತು. ಅವ್ವ, ಅಕ್ಕ ಉತ್ತ ಸಾಲಿನಲ್ಲಿ ಹಳೆಯ ರಾಗಿ ಕೂಳೆ ಆಯುತ್ತಿದ್ದರು. ನನ್ನನ್ನು ಬುತ್ತಿಯ ಕಾವಲಿಗೆಂದು ಬೇವಿನ ನೆರಳಿನಲ್ಲಿ ಕೂರಿಸಿದ್ದರು. ನಾನು ಬುತ್ತಿಯ ಕಡೆ ನೋಡಲೇ ಇಲ್ಲ. ನೆನೆದ ಹುತ್ತ ಕಡು ಕೆಂಪಾಗಿತ್ತು. ಮೊದಲು ಒಂದು ಕಣ್ಣು ಇಟ್ಟು ನೋಡಿದೆ, ಬರೀ ಕತ್ತಲೆ. ಕಿವಿ ಇಟ್ಟೆ. ಏನೋ ಕೇಳಿದಂತೆ, ಕೇಳದಂತೆ ಇತ್ತು. ಆಮೇಲೆ ಬಲಗೈಯನ್ನು ಒಳಗೆ ಬಿಟ್ಟೆ.

ಒಳಗಿನ ಗೋಡೆ ಸಾರಿಸಿದ ಒಲೆಯ ಹಾಗೆ ನುಣ್ಣಗಿತ್ತು. ಮೊಣಕೈವರೆಗೂ ಕೈ ಹೋಯಿತು. ಆಗ ಅಂಗೈಗೆ ಬೆಚ್ಚಗೆ, ತೇವವಾಗಿ ಗಾಳಿ ತಾಗಿತು. ಕರು ಹತ್ತಿರ ಬಂದು ಮೂಸಿದಂತೆ. ನಾನು ಕೈ ತೆಗೆಯಲಿಲ್ಲ. ಇನ್ನೊಂದು ಸಲ ಮೂಸಲಿ ಎಂದು ಉಸಿರು ಹಿಡಿದು ಕಾದೆ.

ಅಷ್ಟರಲ್ಲಿ ಅಕ್ಕ ನೋಡಿದಳು. ಅವಳ ಕೂಗಿಗೆ ಅವ್ವ ಕೂಳೆ ಎಸೆದು ಓಡಿ ಬಂದಳು. ನನ್ನನ್ನು ಹಿಂದಕ್ಕೆ ಎಳೆದು, ಕೈಯನ್ನು ಬೆರಳು ಬೆರಳಾಗಿ ತಡಕಿ, ಹಾವು ಕಚ್ಚಿಲ್ಲ ಎಂದು ಗೊತ್ತಾದ ಮೇಲೆ ಬೆನ್ನಿಗೆ ಎರಡು ಬಿಟ್ಟಳು.

"ತಪ್ಪಾಯ್ತು ಸ್ವಾಮಿ ಅನ್ನು. ಅದು ಮುನ್ಕಂಡ್ರೆ ಕೈಯೆಲ್ಲ ಹುಣ್ಣಾಯ್ತದೆ ಕಣೇ."

ಮೂರು ಸಲ ಅಂದೆ. ಅವ್ವ ಅಳುತ್ತಾ ಕೆನ್ನೆ ಬಡಿದುಕೊಂಡು, ಹುತ್ತದ ಮುಂದೆ ಅಡ್ಡಬಿದ್ದಳು. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು. ಮಧ್ಯಾಹ್ನವೆಲ್ಲ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಸೊಳ್ಳೆ ಕಚ್ಚಿದ ಗುಳ್ಳೆಯೂ ಹುಣ್ಣಿನಂತೆ ಕಂಡಿತು. ಅಕ್ಕ ರೊಟ್ಟಿ ಮುರಿದು ಬಾಯಿಗೆ ಇಟ್ಟರೂ ನುಂಗಲಾಗಲಿಲ್ಲ. ಇನ್ನು ಯಾವ ತೂತಿಗೂ ಇಣುಕುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ.

ಇಳಿಹೊತ್ತಿಗೆ ಅಪ್ಪ ಎತ್ತುಗಳನ್ನು ಬಿಚ್ಚಿ ಬಂದ. ಅವ್ವ ನಡೆದದ್ದನ್ನೆಲ್ಲ ಹೇಳಿದಳು. ಎರಡನೇ ಪಾಳಿ ಬೀಳುತ್ತದೆ ಎಂದು ನಾನು ಬೆನ್ನು ಬಗ್ಗಿಸಿದೆ. ಅಪ್ಪ ಚೊಂಬಿನ ನೀರು ಕುಡಿದು, ಮೀಸೆ ಒರೆಸಿಕೊಂಡು, ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಒಳಗೆ ಎಂಗಿತ್ತು ಮಗ?"

ಬೆಳಗಿನಿಂದ ಯಾರೂ ಅದನ್ನು ಕೇಳಿರಲಿಲ್ಲ. ಬೆಚ್ಚಗಿತ್ತು, ಉಸಿರಾಡುತ್ತಿತ್ತು ಎಂದು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅಪ್ಪ ನಗಲಿಲ್ಲ. ಹಾವಿಗೂ ಅದು ಮನೆ, ಹೇಳದೆ ಕೇಳದೆ ಕೈ ಹಾಕಿದರೆ ಅದು ಹೆದರಿ ಕಚ್ಚುತ್ತದೆ, ನೋಡಬೇಕಾದರೆ ದೂರ ಕೂತು ನೋಡಬೇಕು ಎಂದ. ಎರಡು ಮಾರು ಹಿಂದಕ್ಕೆ ಹೋಗಿ ಟವೆಲ್ ಹಾಸಿದ. ಇಬ್ಬರೂ ಕೂತೆವು. ಹೊತ್ತಾಯಿತು, ನಡೀರಿ ಎಂದು ಅವ್ವ ಗೊಣಗಿದಳು. ಅಪ್ಪ ಏಳಲಿಲ್ಲ.

ತುಂಬಾ ಹೊತ್ತು ಏನೂ ಆಗಲಿಲ್ಲ. ಎತ್ತುಗಳು ಬಾಲ ಬೀಸುವ ಸದ್ದು ಮಾತ್ರ. ಆಮೇಲೆ ಹುತ್ತದ ಬದಿಯಲ್ಲಿ ಸಣ್ಣದೊಂದು ಬಿರುಕು ಕಂಡಿತು. ಅಲ್ಲಿ ಬಿಳಿ ಗೆದ್ದಲುಗಳು ಕಾವಲಿನವರಂತೆ ಸಾಲಾಗಿ ನಿಂತವು. ಅವುಗಳ ನಡುವಿನಿಂದ ರೆಕ್ಕೆ ಬಂದ ಗೆದ್ದಲೊಂದು ಹೊರಗೆ ಬಂತು. ನಮ್ಮ ಕಡೆ ಅದನ್ನು ಈಸಲು ಹುಳು ಎನ್ನುತ್ತೇವೆ. ಅದು ಹುಲ್ಲಿನ ತುದಿಗೆ ಹತ್ತಿ, ಒಂದು ಗಳಿಗೆ ಯೋಚಿಸಿದಂತೆ ನಿಂತು, ಹಾರಿತು. ಹಿಂದೆಯೇ ಇನ್ನೊಂದು, ಹತ್ತು, ಆಮೇಲೆ ಲೆಕ್ಕವೇ ಇಲ್ಲ. ನೆಲವೇ ಕುದಿದು ಉಕ್ಕಿದಂತಿತ್ತು. ಮುಳುಗುವ ಬಿಸಿಲಿಗೆ ಸಾವಿರಾರು ರೆಕ್ಕೆಗಳು ಹೊಳೆದವು. ಕಾಜಾಣಗಳು ಎಲ್ಲಿದ್ದವೋ, ಬಂದು ಗಾಳಿಯಲ್ಲೇ ಹಿಡಿದು ತಿಂದವು. ಒಂದು ಹುಳು ನನ್ನ ಬಲಗೈಯ ಮೇಲೆ ಇಳಿದು, ರೆಕ್ಕೆ ಕಳಚಿಟ್ಟು, ನಡೆದುಹೋಯಿತು.

ಇವೇನಾ ಸ್ವಾಮಿ ಎಂದು ನಾನು ಪಿಸುಗುಟ್ಟಿದೆ. ಅಪ್ಪ ತನ್ನ ತೋಳಿನ ಮೇಲೆ ಕೂತ ಹುಳುವೊಂದನ್ನು ಮೆಲ್ಲಗೆ ಹುಲ್ಲಿಗೆ ದಾಟಿಸಿದ.

"ನಂಗೂ ಗೊತ್ತಿಲ್ಲ ಕಣವ್ವ. ನಿನ್ನಷ್ಟಿದ್ದಾಗಿಂದ ನೋಡ್ತಾವ್ನಿ. ಒಂದೊಂದ್ ಸಲ ಕೈ ಮುಗಿಯಾನ ಅನ್ನಿಸ್ತದೆ, ಮುಗೀತೀನಿ."

ದೊಡ್ಡವರಿಗೂ ಗೊತ್ತಿಲ್ಲದ್ದು ಇರುತ್ತದೆ ಎಂದು ನನಗೆ ಅಂದೇ ತಿಳಿದದ್ದು. ಹೆದರಿಕೆ ಆಗಲಿಲ್ಲ. ಹಿಂತಿರುಗಿ ನೋಡಿದರೆ ಅವ್ವ, ಅಕ್ಕ ಇಬ್ಬರೂ ಬಂದು ನಿಂತಿದ್ದರು. ಅವ್ವನ ಕೂದಲಲ್ಲಿ ನಾಲ್ಕಾರು ರೆಕ್ಕೆ ಸಿಕ್ಕಿಕೊಂಡಿದ್ದವು. ಅವಳು ನನ್ನ ಕೈ ಹಿಡಿದು, ತಿರುವಿ ನೋಡಿ, ಸೆರಗಿನಿಂದ ಮೆಲ್ಲಗೆ ಒರೆಸಿದಳು. ಆ ವರ್ಷ ತನಿ ಎರೆಯುವಾಗ ಹಾಲಿನ ಲೋಟವನ್ನು ನನ್ನ ಕೈಗೇ ಕೊಟ್ಟಳು.

ಈಗ ನಾನು ಹುಣಸೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಅಂಗಳಕ್ಕೆ ಸಿಮೆಂಟು ಹಾಕಿದೆ. ಗೆದ್ದಲ ರಾಣಿ ದಿನಕ್ಕೆ ಎಷ್ಟು ಮೊಟ್ಟೆ ಇಡುತ್ತಾಳೆ ಎಂದು ಕೇಳಿದರೆ ಮೊಮ್ಮಕ್ಕಳ ಮೊಬೈಲು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ನಾನು ಅದನ್ನು ಬೈಯುವುದಿಲ್ಲ. ಅಂಥದ್ದೊಂದು ಸಿಕ್ಕಿದ್ದರೆ ಅಪ್ಪ ಅದನ್ನೇ ನೋಡುತ್ತಾ ಕೂತು ಅರ್ಧ ಹೊಲ ಉಳದೆ ಬಿಡುತ್ತಿದ್ದ.

ಮೊನ್ನೆ ಮೊಮ್ಮಗಳು ಶಾಲೆಯಲ್ಲಿ ಹೇಳಿದರೆಂದು ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ಇಟ್ಟು ಅವರೆಕಾಳು ಮೊಳಕೆ ಬರಿಸಿದ್ದಳು. ಒಂದು ಕಾಳನ್ನು ಬೇಕೆಂದೇ ತಲೆಕೆಳಗು ಮಾಡಿದ್ದಳು. ಅದರ ಬೇರು ಮೇಲಕ್ಕೆ ಹೊರಟು, ಡೊಂಕಾಗಿ ತಿರುಗಿ, ಕೆಳಕ್ಕೇ ಇಳಿದಿತ್ತು.

"ಅಜ್ಜಿ, ನೆಲ ಯಾವ್ ಕಡೆ ಅದೆ ಅಂತ ಇದಕ್ಕೆ ಯಾರು ಹೇಳಿದ್ರು?"

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಒಲೆ ಆರಿಸಿ, ಕನ್ನಡಕ ಹಾಕಿಕೊಂಡು, ನೋವಿನ ಮಂಡಿ ಮಡಚಿ, ಅವಳ ಪಕ್ಕ ನೆಲದ ಮೇಲೆ ಕೂತೆ.