ಸಮುದ್ರಕ್ಕೆ ಚರಗ ಚೆಲ್ಲಿದ ಫಕೀರವ್ವತ್ತಿ

ನಮ್ಮ ಫಕೀರವ್ವತ್ತಿ ತನ್ನ ತಪ್ಪನ್ನು ಒಪ್ಪಿಕೊಂಡದ್ದನ್ನು ಕಂಡವರು ಯಾರೂ ಇರಲಿಲ್ಲ. ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ, ಬೇಕಾದಷ್ಟು ಮಾಡುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೆ, "ರೊಟ್ಟಿ ಸಪ್ಪಗ ಮಾಡೀನಿ, ಕೂಡಿಸಿಕೊಂಡು ಉಣ್ರಿ, ಬರೋಬರಿ ಆಗ್ತೈತಿ" ಎನ್ನುತ್ತಿದ್ದಳು. ಒಮ್ಮೆ ಗದಗ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿಯೆಂದು ಹೊಸಪೇಟೆ ಗಾಡಿ ಹತ್ತಿ ಕೊಪ್ಪಳದಲ್ಲಿ ಇಳಿದಳು. ಮನೆಯವರೆಲ್ಲ ಗಾಬರಿಯಾಗಿ ಹುಡುಕಾಡುತ್ತಿರುವಾಗ ಮೂರನೇ ದಿನ ಆರಾಮವಾಗಿ ಬಂದು ಕಟ್ಟೆಯ ಮೇಲೆ ಕೂತು, "ತಮ್ಮನ ಮನಿ ಆ ಕಡೀಗೇ ಐತಲ್ಲ. ಅವನ್ನ ನೋಡಬೇಕಂತ ಹೋಗಿದ್ದೆ, ನೋಡಿ ಬಂದೆ" ಎಂದಳು. ನಮ್ಮ ಮಾವ, ಅಂದರೆ ಅತ್ತಿಯ ಗಂಡ, ಬಹಳ ಸಾತ್ವಿಕ ಮನುಷ್ಯ. "ಹೌದ ಹೌದ, ನನಗ ಹೇಳೇ ಹೋಗಿದ್ಲು" ಎಂದು ತಾನೂ ಒಂದು ಸುಳ್ಳು ಸೇರಿಸಿದ.

ಅತ್ತಿ ನನ್ನ ಅಪ್ಪನ ಅಕ್ಕ. ಗದಗಿನ ಹತ್ತಿರದ ಹಿರೇಹಂದಿಗೋಳದ ನಮ್ಮ ಮನೆಯಲ್ಲಿ ಹುಟ್ಟಿದವರು ಮೂವರು. ಹಿರಿಯಳಾದ ಅತ್ತಿಯನ್ನು ಲಕ್ಷ್ಮೇಶ್ವರದ ಕಡೆಯ ಯಳವತ್ತಿಗೆ ಕೊಟ್ಟಿದ್ದರು. ನಡುವಿನವನು ನನ್ನ ಅಪ್ಪ ಬಸಣ್ಣ, ಊರಲ್ಲೇ ಉಳಿದು ಹೊಲ ನೋಡಿಕೊಂಡವನು. ಕಿರಿಯ ಸಿದ್ಧಪ್ಪ ಕಾಕಾ ಮುಂಡರಗಿ ದಾಟಿ ಆಚೆಯ ಒಂದು ಹಳ್ಳಿಗೆ ಮನೆ ಅಳಿಯನಾಗಿ ಹೋಗಿದ್ದ. ಆಗಿನ ಕಾಲದಲ್ಲಿ ನಮ್ಮ ಸೀಮೆಯನ್ನು ಹರಿದ ಕೌದಿಯ ಹಾಗೆ ಹಂಚಿದ್ದರು. ಗದಗ, ಮುಂಡರಗಿ ಮುಂಬೈ ಸರಕಾರದವು, ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗಲಿಯವರದು, ಕಾಕಾನ ಹಳ್ಳಿ ನಿಜಾಮನದು. "ಒಬ್ಬ ತಾಯಿ ಹೊಟ್ಟ್ಯಾಗ ಹುಟ್ಟಿದ ನಮಗ ಒಂದೊಂದು ತಲಿಗೆ ಒಂದೊಂದು ಸರಕಾರ! ಸೀನು ಬಂದ್ರೂ ಬ್ಯಾರೆ ಬ್ಯಾರೆ ದರಬಾರಕ್ಕ ಹೇಳಿ ಸೀನಬೇಕು" ಎಂದು ಅತ್ತಿ ನಗಿಸುತ್ತಿದ್ದಳು.

ಆದರೆ ಎಳ್ಳಮಾವಾಸ್ಯೆಗೆ ಯಾವ ದರಬಾರೂ ಅಡ್ಡ ಬರುತ್ತಿರಲಿಲ್ಲ. ಆ ದಿನ ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಅತ್ತಿಯ ಹೊಲಕ್ಕೆ ಬರಲೇಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಎಲ್ಲ ಮನೆಯ ಬುತ್ತಿಯೂ ಒಂದೇ ಕಡೆ ಬಿಚ್ಚಬೇಕು, ಯಾರ ರೊಟ್ಟಿ ಯಾರದೆಂದು ಗುರುತು ಸಿಗಬಾರದು. ಉಣ್ಣುವ ಮೊದಲು ಭೂಮಿತಾಯಿಗೆ ಚರಗ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲಬೇಕು. ಮುಂದೆ ಅಪ್ಪ ಚೆಲ್ಲುತ್ತ "ಹುಲ್ಲುಲ್ಲಿಗೋ..." ಎಂದು ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಕಾಕಾ "ಚಳ್ಳಂಬರಿಗೋ..." ಎಂದು ದನಿಗೂಡಿಸುತ್ತಿದ್ದ. ಅಣ್ಣತಮ್ಮಂದಿರ ಆ ಕೂಗು ಕೇಳುವಾಗ ಅತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬದುವಿನ ಮೇಲೆ ನಿಂತಿರುತ್ತಿದ್ದಳು. ಆ ನಿಲುವು ನೋಡಿದರೆ ಇಡೀ ಸೀಮೆ ಇವಳದೇ ಎನ್ನಬೇಕು.

ಆ ಕೂಗು ಮುರಿದದ್ದು ರಜಾಕಾರರ ಗಲಾಟೆಯ ವರ್ಷ. ಇತ್ತ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಅತ್ತ ನಿಜಾಮನ ಸೀಮೆಗೆ ಬಂದಿರಲಿಲ್ಲ. ಕಾಕಾ ಹೆಂಡತಿಯನ್ನೂ ಎರಡು ಎತ್ತುಗಳನ್ನೂ ಕರೆದುಕೊಂಡು ಗಡಿ ದಾಟಿ ನಮ್ಮ ಮನೆಗೆ ಬಂದ. ಕೆಲವು ತಿಂಗಳು ಇದ್ದ. ಅಪ್ಪನಿಗೆ ಆಗ ಚಳವಳಿಯ ಹುಚ್ಚು. ಒಂದು ದಿನ ಊಟಕ್ಕೆ ಕೂತಾಗ ಯಾವುದೋ ಸಿಟ್ಟಿನಲ್ಲಿ, "ಮಂದಿ ಗಡಿ ದಾಟಿ ಹೊಡದಾಡಾಕ ಹೊಂಟಾರ. ನೀ ಗಡಿ ದಾಟಿ ಉಣ್ಣಾಕ ಬಂದೀ" ಎಂದುಬಿಟ್ಟ. ಕಾಕಾ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟು ಎದ್ದ. ಕೈ ತೊಳೆದು, ಎತ್ತು ಹೂಡಿ, ಹೆಂಡತಿಯನ್ನು ಕೂಡಿಸಿಕೊಂಡು ಮುಂಡರಗಿ ಕಡೆಗೆ, ಗಡಿ ದಾಟಿ ಬಂದವರ ಶಿಬಿರಕ್ಕೆ ಹೋದ. "ಇನ್ನ ಈ ಮನಿ ರೊಟ್ಟಿ ಮುರಿದ್ರ ಕೇಳ್ರಿ" ಎಂದದ್ದು ಅಷ್ಟೇ. ಹೈದರಾಬಾದು ದೇಶಕ್ಕೆ ಸೇರಿತು, ಸಂಸ್ಥಾನಗಳು ಹೋದವು. ಕಾಕಾ ತನ್ನ ಹಳ್ಳಿಗೆ ತಿರುಗಿ ಹೋದ, ಅವನ ಮಾತು ಮಾತ್ರ ತಿರುಗಲಿಲ್ಲ.

ಅಂದಿನಿಂದ ಎಳ್ಳಮಾವಾಸ್ಯೆಗೆ ಅಕ್ಕನ ಮಾತಿಗೆ ಬರುತ್ತಿದ್ದ. ಆದರೆ ತನ್ನ ಬುತ್ತಿಯನ್ನು ಬೆರೆಸುತ್ತಿರಲಿಲ್ಲ, ಬದುವಿನ ಆಚೆ ಬೇವಿನ ಗಿಡದ ಕೆಳಗೆ ಹೆಂಡತಿಯೊಡನೆ ಕೂತು ಉಣ್ಣುತ್ತಿದ್ದ. ಅಪ್ಪ ಚರಗ ಕೂಗಿದರೆ ಉತ್ತರ ಕೊಡುವ ದನಿ ಇರಲಿಲ್ಲ. ಅತ್ತಿಯೇ ತಂಬಿಗೆ ಹಿಡಿದು ಹಿಂದೆ ಹಿಂದೆ ಓಡುತ್ತ ಕೂಗುತ್ತಿದ್ದಳು. ಹೆಂಗಸರು ಕೂಗುವುದು ವಾಡಿಕೆಯಲ್ಲ, ಯಾರೋ ಮುದುಕರು ಆಕ್ಷೇಪಿಸಿದರು. "ಗಂಡಸರು ಬಾಯಿ ಹೊಲಕೊಂಡು ಕುಂತಾಗ ಹೆಂಗಸರ ಕೂಗಬೇಕು. ಭೂಮಿತಾಯಿಗೇನು, ಕಿವಿ ಅದಾವು, ಮೀಸಿ ಐತೇನ ನೋಡಾಕ ಕಣ್ಣಿಲ್ಲ" ಎಂದಳು. ಊಟದ ಹೊತ್ತಿಗೆ ಅತ್ತಿ ತಾನು ಮಾತ್ರ ಎರಡು ಪಂಕ್ತಿಯಲ್ಲೂ ಕೂತು ಎರಡು ಸಲ ಉಂಡು ಎದ್ದು, ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ನಮಗೆ ನಗು ಬರುತ್ತಿತ್ತು. ಅವಳು ಒಮ್ಮೆ ನನ್ನನ್ನು ಹತ್ತಿರ ಕರೆದು, "ಶಾಂತವ್ವಾ, ಸಾಯೂದರಾಗ ಇವರಿಬ್ಬರು ಒಂದ ರೊಟ್ಟಿ ಮುರಿದದ್ದು ನೋಡಬೇಕವ್ವಾ. ಬ್ಯಾರೇನೂ ಬ್ಯಾಡ ನನಗ" ಎಂದಾಗ ನಗು ನಿಂತಿತು.

ನಾಡು ಒಂದಾಗುವ ಮಾತು ಜೋರಾದಾಗ ಗದಗಿನಲ್ಲಿ ಒಂದು ಸಭೆ. ಅತ್ತಿ ಮಾವನನ್ನು ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ಭಾಷಣ ಮಾಡಿದವರು ಹೊಸ ನಾಡಿನಲ್ಲಿ ಏನೇನು ಸೇರುತ್ತದೆಂದು ಹೇಳುತ್ತ ಕಾರವಾರದ ಕಡಲನ್ನೂ ಹೇಳಿದರು. ಅತ್ತಿ ಎದ್ದು ನಿಂತು, "ಸಮುದ್ರಾನೂ ನಮ್ಮ ಪಾಲಿಗೆ ಬರ್ತೈತೇನ್ರಿ?" ಎಂದು ಕೇಳಿದಳು. ಸಭೆಯೆಲ್ಲ ನಕ್ಕಿತು. ಭಾಷಣಕಾರರು, "ಬರ್ತೈತಿ ತಾಯಿ, ಅದೂ ನಿಮ್ಮದೇ" ಎಂದರು.

ಅವರು ಮಾತಿಗೆ ಹೇಳಿದರು, ಅತ್ತಿ ಖರೆ ಎಂದು ತೆಗೆದುಕೊಂಡಳು. ನಾಡು ಒಂದಾಯಿತು. ಆ ಚಳಿಗಾಲದ ಎಳ್ಳಮಾವಾಸ್ಯೆಗೆ ಮೊದಲು ಎಲ್ಲ ಮನೆಗೂ ಹೇಳಿ ಕಳಿಸಿದಳು. ಈ ಸಲ ಚರಗ ಹೊಲದಲ್ಲಿ ಅಲ್ಲ, ಸಮುದ್ರದಲ್ಲಿ! ಅಪ್ಪ ಯಳವತ್ತಿಗೆ ಓಡಿದ.

"ಅಕ್ಕಾ, ತಲಿ ಗಿಲಿ ಕೆಟ್ಟೈತೇನ? ಸಮುದ್ರದಾಗ ಏನ ಬೆಳೀತೈತಿ ಅಂತ ಚರಗ?"

"ಪಾಲಿಗೆ ಬಂದ ಹೊಲಾ ಕಾಲಿಟ್ಟು ನೋಡಬೇಕೋ ಬ್ಯಾಡೋ? ನೋಡಿದ ಮ್ಯಾಲ ಅದಕ್ಕೊಂದು ತುತ್ತು ಹಾಕಬೇಕೋ ಬ್ಯಾಡೋ?"

"ಸಿದ್ದ ಬರ್ತಾನೇನ?"

"ಬರ್ತಾನ. ಹೊಲದಾಗಾದ್ರ ಬದುವಿನ ಆಚೆ ಕುಂಡ್ರತಾನ. ಸಮುದ್ರಕ್ಕ ಬದು ಎಲ್ಲೈತಿ? ನೋಡೂಣಂತ, ಎಲ್ಲಿ ಕುಂಡ್ರತಾನ."

ಹೀಗೆ ನಮ್ಮ ವಂಶದಲ್ಲೇ ಮೊದಲ ಪ್ರವಾಸ ಹೊರಟಿತು. ಹುಬ್ಬಳ್ಳಿಯ ತನಕ ರೈಲು, ಅಲ್ಲಿಂದ ಬಸ್ಸು. ಬುಟ್ಟಿ, ಗಂಟು, ನೀರಿನ ಕೊಡ ಎಲ್ಲ ಬಸ್ಸಿನ ಮೇಲೆ. ಅಪ್ಪ ಮುಂದಿನ ಸೀಟಿನಲ್ಲಿ, ಕಾಕಾ ಹಿಂದಿನದರಲ್ಲಿ, ಇಬ್ಬರ ನಡುವೆ ಇಡೀ ಮನೆತನ. ಘಟ್ಟದ ತಿರುವುಗಳಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡರು. ಅತ್ತಿ ಡ್ರೈವರನಿಗೆ, "ತಮ್ಮಾ, ಸೀದಾ ದಾರಿ ಇಲ್ಲೇನೋ? ನಮ್ಮ ಕಡೆ ಹೆಂಗ ಐತಿ ನೋಡು, ಕಣ್ಣಿಗೆ ಕಾಣೂತನಕಾ ಸೀದಾ" ಎಂದು ಬುದ್ಧಿ ಹೇಳಿದಳು. ಸಂಜೆ ಕಾರವಾರ ಮುಟ್ಟಿ ಧರ್ಮಶಾಲೆಯಲ್ಲಿ ಮಲಗಿದೆವು.

ಬೆಳಿಗ್ಗೆ ಸಮುದ್ರ ಕಂಡೆವು. ಕರಿ ಮಣ್ಣಿನ ಹೊಲ ಬಿಟ್ಟರೆ ಅಷ್ಟು ಅಗಲವಾದದ್ದನ್ನು ನಾವು ಕಂಡಿರಲಿಲ್ಲ. ಅತ್ತಿ ಬಹಳ ಹೊತ್ತು ನೋಡಿ, "ಬಾಳ ದೊಡ್ಡ ಪಾಲ ಬಂತಲ್ಲೋ ನಮಗ" ಎಂದಳು. ಆಮೇಲೆ ಕೂಡುವ ಜಾಗ ಹುಡುಕತೊಡಗಿದಳು. ಮೇಲಿನ ಒಣ ಉಸುಕು ಕಾಲು ಹುಗಿಯುವಂಥದು, ಅವಳ ಮನಸ್ಸಿಗೆ ಬರಲಿಲ್ಲ. ಕೆಳಗೆ, ನೀರಿಗೆ ಸ್ವಲ್ಪ ಈಚೆ, ತೇವದ ಉಸುಕು ಗಟ್ಟಿಯಾಗಿ ನುಣುಪಾಗಿ ಹಾಸಿತ್ತು. ಅದನ್ನು ಪಾದದಿಂದ ತಟ್ಟಿ ನೋಡಿದಳು. "ಎಂಥಾ ಕಣಾ ಐತಿ ನೋಡ್ರಿ! ಸೆಗಣಿ ಹಾಕಿ ಸಾರಿಸಿದಂಗ. ಇಲ್ಲೇ ಇಡ್ರಿ ಬುತ್ತಿ" ಎಂದಳು. ಅಪ್ಪ, ಮಾವ ಎಲ್ಲರೂ ಬಗ್ಗಿ ಮುಟ್ಟಿ ತಲೆದೂಗಿದರು. ರಾಶಿ ಮಾಡುವವರ ಕಣ್ಣಿಗೆ ಅದು ಹದವಾದ ಕಣವೇ. ಸಮುದ್ರದ ನೀರು ಏರುತ್ತದೆ, ಇಳಿಯುತ್ತದೆ ಎಂಬ ಖಬರು ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಕೆರೆಗಳು ವರ್ಷಕ್ಕೊಮ್ಮೆ ಏರಿದರೆ ಅದೇ ಹಬ್ಬ.

ಕಾಕಾ ಬದು ಇಲ್ಲದ ಕಡೆಯಲ್ಲೂ ಒಂದು ಬದು ಹುಡುಕಿಕೊಂಡಿದ್ದ. ನಮ್ಮಿಂದ ದೂರ, ಇನ್ನೂ ನೀರಿನ ಹತ್ತಿರ, ತನ್ನ ಬುತ್ತಿ ಇಟ್ಟು ನಮಗೆ ಬೆನ್ನು ಮಾಡಿ ಕೂತ. ಅತ್ತಿಯ ಮುಖ ಬಾಡಿತು. ಅಷ್ಟು ದೂರ ಬಂದು ಅದೇ ಎರಡು ಪಂಕ್ತಿ. ಅವಳು ಚರಗದ ಅನ್ನ ಕಲಸತೊಡಗಿದಳು.

ಆಗ ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಮೇಲಿನಿಂದ ಕೂಗಿದಳು, "ಅಯ್ಯೋ, ಅಮಾಸೆ ದಿನ ಅಲ್ಲಿ ಕೂತದ್ದಾ! ನೀರು ಮೇಲೆ ಬರ್ತದೆ, ಏಳಿ, ಏಳಿ!" ನಾವು ಅವಳ ಮಾತು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಒಂದು ತೆರೆ ಬಂದು ಕಾಕಾನ ಬುಟ್ಟಿಯನ್ನು ಎತ್ತಿಕೊಂಡು ಹೋಯಿತು. ಕಾಕಾನ ಹೆಂಡತಿ ಕಾಕು ಚೀರಿದಳು. ಹೆಂಗಸರೆಲ್ಲ ನಮ್ಮ ಬುಟ್ಟಿಗಳನ್ನು ಹೊತ್ತು ಮೇಲಕ್ಕೆ ಓಡಿದರು. ಅಪ್ಪ ಮಾತ್ರ ಕೆಳಕ್ಕೆ ಓಡಿದ. ಧೋತರ ಎತ್ತಿ ಕಟ್ಟಿಕೊಂಡು ತಮ್ಮನ ಬುಟ್ಟಿಯ ಬೆನ್ನು ಹತ್ತಿದ. ಈಜು ಬರುವುದಿಲ್ಲ, ಸಮುದ್ರ ಗೊತ್ತಿಲ್ಲ. ಎರಡನೇ ತೆರೆ ಅವನನ್ನು ಬೀಳಿಸಿತು. ಅಪ್ಪನ ರುಮಾಲು ಒಂದು ಕಡೆ, ಅಪ್ಪ ಒಂದು ಕಡೆ. "ಅಣ್ಣಾ!" ಎಂದು ಕಾಕಾ ಕೂಗಿದ್ದು ನನಗೆ ಈಗಲೂ ಕೇಳುತ್ತದೆ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹೋಗಿ ಅಪ್ಪನ ರಟ್ಟೆ ಹಿಡಿದು ಎಳೆದು ತಂದ.

ಇಬ್ಬರೂ ತೊಯ್ದು ತೊಪ್ಪೆಯಾಗಿ ಒಣ ಉಸುಕಿನ ಮೇಲೆ ಕೂತರು. ಬುಟ್ಟಿ ಹೋಗಿತ್ತು. ಅಪ್ಪ ಕೆಮ್ಮಿ ಉಪ್ಪುನೀರು ಉಗುಳಿ, ನಮ್ಮ ಬುತ್ತಿಯಿಂದ ಒಂದು ಸಜ್ಜೆ ರೊಟ್ಟಿ ತೆಗೆದು ಎರಡು ಮಾಡಿದ. ಒಂದು ತುಂಡನ್ನು ತಮ್ಮನ ಮುಂದೆ ಹಿಡಿದ.

"ಸಿದ್ದಾ, ಆವತ್ತ ನಾ ಆಡಿದ್ದು ಹೊಲಸ ಮಾತು. ನೀ ಉಣ್ಣಾಕ ಬಂದಿದ್ದಿಲ್ಲ. ನಿನ್ನ ಮನಿ ಅಂತ ಬಂದಿದ್ದಿ."

ಕಾಕಾ ರೊಟ್ಟಿಯನ್ನು ನೋಡಿದ, ಅಣ್ಣನ ಮುಖ ನೋಡಿದ. ತೆಗೆದುಕೊಂಡ. ಮುರಿದು ಒಂದು ತುತ್ತು ಬಾಯಿಗಿಟ್ಟು ಕೇಳಿದ, "ಬರೇ ರೊಟ್ಟಿ ಕೊಡ್ತೀ ಏನ? ಪಲ್ಯ ಎಲ್ಲಿ?"

ಎಲ್ಲರೂ ಅತ್ತರು, ಎಲ್ಲರೂ ನಕ್ಕರು. ಅತ್ತಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, "ಮತ್ತ? ನೀರು ಬರ್ತೈತಂತ ಗೊತ್ತಿದ್ದ ಅಲ್ಲಿ ಇಡಿಸಿದ್ದೆ. ಇಲ್ಲಂದ್ರ ನೀವು ಎಲ್ಲಿ ಕೂಡವರು" ಎಂದಳು. ನೀರು ಬಂದಾಗ ಎಲ್ಲರಿಗಿಂತ ಜೋರಾಗಿ ಚೀರಿದವಳು ಅವಳೇ. ಆಮೇಲೆ ಚರಗ. ಅಪ್ಪ ಹಸಿ ಧೋತರದಲ್ಲೇ ನೀರಿನಂಚಿಗೆ ನಿಂತು "ಹುಲ್ಲುಲ್ಲಿಗೋ..." ಎಂದ. ಹಿಂದಿನಿಂದ ಕಾಕಾನ ದನಿ ಬಂತು, "ಚಳ್ಳಂಬರಿಗೋ..." ಮೀನಿನ ಹೆಂಗಸು ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತಿದ್ದಳು. ಅತ್ತಿ ಅವಳನ್ನು ಕರೆದು ಕೂಡಿಸಿ ಹೋಳಿಗೆ ಬಡಿಸಿದಳು. ಆ ದಿನದ ಹೆಮ್ಮೆ ನನ್ನ ಮದುವೆಯಲ್ಲೂ ನನಗೆ ಆಗಿಲ್ಲ. ನಾಡು ಕೂಡಿಸಿದವರು ದೊಡ್ಡವರು, ಅವರ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಮನೆ ಕೂಡಿಸಿದವಳು ಫಕೀರವ್ವತ್ತಿ.

ಆ ಮಾತನ್ನು ಅವಳು ಮುಂದೆ ಯಳವತ್ತಿಯಿಂದ ಬೆಟಗೇರಿಯ ತನಕ ಸಾರಿದಳು. "ನನಗ ಗೊತ್ತಿತ್ತು, ಬೇಕಂತ ಇಡಿಸಿದೆ." ವರ್ಷಗಳು ಕಳೆದಂತೆ ಕತೆ ಬೆಳೆಯಿತು. ಹಿಂದಿನ ದಿನವೇ ಹೋಗಿ ನೀರಿನ ಲೆಕ್ಕ ಹಾಕಿ ಬಂದಿದ್ದಳಂತೆ! ನಾವು ಹೂಂ ಎಂದು ಕೇಳುತ್ತಿದ್ದೆವು. ಎಳ್ಳಮಾವಾಸ್ಯೆಗೆ ಕಾರವಾರಕ್ಕೆ ಹೋಗುವುದು ಅಂದಿನಿಂದ ನಮ್ಮ ಮನೆತನದ ವಾಡಿಕೆಯಾಯಿತು.

ಅತ್ತಿಯನ್ನು ನಾನು ಕಡೆಯ ಸಲ ಕಂಡಾಗ ಅವಳು ಹಾಸಿಗೆ ಹಿಡಿದಿದ್ದಳು. ಮಾವ ಹೋಗಿದ್ದ, ಅಪ್ಪನೂ ಹೋಗಿದ್ದ. ಕಾಕಾ ಬಂದು ಅಕ್ಕನ ಕಾಲ ಹತ್ತಿರ ಕೂತಿದ್ದ. ಅವಳು ಮೆಲ್ಲಗೆ, "ಸಿದ್ದಾ, ಒಂದು ಖರೇ ಮಾತು ಹೇಳ್ಲಿ?" ಎಂದಳು.

"ಹೇಳಕ್ಕಾ."

"ಆವತ್ತ ನೀರು ಬರ್ತೈತಂತ ನನಗ ಗೊತ್ತಿದ್ದಿಲ್ಲೋ. ಕಣಾ ಅನಕೊಂಡು ಇಡಿಸಿದ್ದೆ. ತಪ್ಪಾಗಿತ್ತು. ಬಸಣ್ಣ ನೀರಾಗ ಬಿದ್ದಾಗ ನನ್ನ ಜೀವಾ ಹೋಗಿತ್ತು."

ಜೀವಮಾನದಲ್ಲಿ ಅವಳು ಒಪ್ಪಿಕೊಂಡ ಒಂದೇ ತಪ್ಪು ಅದು. ಕಾಕಾ ಅವಳ ಕೈ ಹಿಡಿದು ತಲೆಯಾಡಿಸಿದ.

"ಇಲ್ಲಕ್ಕಾ. ನಿನಗ ಗೊತ್ತಿತ್ತು. ನಿನಗ ಗೊತ್ತಿರಲಾರದ್ದು ಯಾವುದೈತಿ?"

ಅತ್ತಿಯ ಮುಖದ ಮೇಲೆ ಹಳೆಯ ಬಿಗುವು ಮೂಡಿತು. "ಹಂಗಂತೀ? ಹಂಗಾದ್ರ ಗೊತ್ತಿದ್ದಿರಬೇಕು ಬಿಡು" ಎಂದು ಕಣ್ಣು ಮುಚ್ಚಿದಳು.

ಮುಂದಿನ ಎಳ್ಳಮಾವಾಸ್ಯೆಗೆ ಅವಳಿರಲಿಲ್ಲ. ಆ ವರ್ಷ ಕಾರವಾರದಲ್ಲಿ ಕಾಕಾ ಒಂದು ಸಣ್ಣ ಬುತ್ತಿ ಕಟ್ಟಿಸಿ, ತೇವದ ಉಸುಕನ್ನು ಪಾದದಿಂದ ತಟ್ಟಿ ನೋಡಿ, ಅಲ್ಲಿಟ್ಟು ಬಂದ. "ಅಕ್ಕನ ಪಾಲು" ಎಂದ. ಕಾಕಾನೂ ಹೋಗಿ ಬಹಳ ಕಾಲವಾಯಿತು.

ಈಗ ನಾವು ಇಳಿಯುವುದು ಧರ್ಮಶಾಲೆಯಲ್ಲಲ್ಲ, ತೆಂಗಿನ ಮರಗಳ ನಡುವಿನ ರೆಸಾರ್ಟಿನಲ್ಲಿ. ಗದಗ, ಮುಂಡರಗಿ, ಲಕ್ಷ್ಮೇಶ್ವರದಿಂದ ಕಾರುಗಳು ಬರುತ್ತವೆ. ಸಮುದ್ರ ಎದುರಿಗಿದ್ದರೂ ಮಕ್ಕಳು ಈಜುಕೊಳ ಬಿಟ್ಟು ಏಳುವುದಿಲ್ಲ. ಅಡುಗೆ ಅವರದೇ ಇದ್ದರೂ ಬುತ್ತಿ ನಮ್ಮದು. ಹೋದ ವರ್ಷ ನಾನು ಸೊಸೆಯ ಕೈ ಹಿಡಿದು ಇಳಿದು ಹೋಗಿ ಅತ್ತಿಯ ಬುತ್ತಿಯನ್ನು ತೇವದ ಉಸುಕಿನ ಮೇಲೆ ಇಟ್ಟೆ. ರೆಸಾರ್ಟಿನ ಒಬ್ಬ ಹುಡುಗ ಬಿಳಿ ಅಂಗಿ ಹಾಕಿಕೊಂಡವನು ಕೈ ಬೀಸುತ್ತ ಓಡಿ ಬಂದ.

"ಅಜ್ಜೀ, ಅಲ್ಲಿ ಇಡ್ಬೇಡಿ! ಇನ್ನು ಸ್ವಲ್ಪ ಹೊತ್ತಿಗೆ ನೀರು ಬರ್ತದೆ!"

ಹಿಂದೆ ನಿಂತಿದ್ದ ಇಡೀ ಮನೆತನ ಒಂದೇ ದನಿಯಲ್ಲಿ ಹೇಳಿತು, "ಗೊತ್ತೈತಿ!"