ಕೆಂಪು ದಾರದ ಬೆಳ್ಳಕ್ಕಿ

ಬೆಳ್ಳಕ್ಕಿಯ ಕಾಲಿಗೆ ದಾರ ಕಟ್ಟಿ ನಾನು ಕೆಟ್ಟೆ. ನಾನು ಕೆಟ್ಟರೆ ಹೋಗಲಿ, ಬೆಳ್ಳಕ್ಕಿಗಳೂ ಕೆಟ್ಟವು.

ಹಾನಗಲ್ಲ ಸೀಮೆಯ ನಮ್ಮೂರ ಕೆರೆಯಂಗಳದಲ್ಲಿ ನಾಲ್ಕು ಜಾಲಿಮರಗಳಿವೆ. ಮಳೆಗಾಲ ಬಂತೆಂದರೆ ಅವುಗಳ ತುಂಬ ಬೆಳ್ಳಕ್ಕಿ ಗೂಡು. ಇಲ್ಲಿ ಹುಟ್ಟಿದ ಮರಿ ಬೆಳೆದು ಇಲ್ಲಿಗೇ ಬರುತ್ತದೆಯೋ? ಬದುಕಿ ಉಳಿಯುವುದಾದರೂ ಎಷ್ಟು? (ಶಾಲಾ ಮಾಸ್ತರನಿಗೆ ಬೇರೆ ಚಿಂತೆ ಇಲ್ಲವೇ ಎನ್ನಬೇಡಿ. ಇವೆ. ಇದು ಅವುಗಳ ಮೇಲಿನದು.) ಎರಡು ವರ್ಷದ ಹಿಂದೆ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ಕದ್ದು, ಮೈಯೆಲ್ಲ ಮುಳ್ಳು ತರಚಿಸಿಕೊಂಡು, ಹತ್ತು ಮರಿಗಳ ಕಾಲಿಗೆ ಕಟ್ಟಿದ್ದೆ.

ಕಳೆದ ವಾರ ಹೋಗಿ ನೋಡುತ್ತೇನೆ, ಒಂದು ಗೂಡಿನಲ್ಲಿ ಬಣ್ಣ ಮಾಸಿದ ದಾರದ ಹಕ್ಕಿ! ಕುಣಿಯುವುದೊಂದು ಬಾಕಿ. ಆಮೇಲೆ ಸುತ್ತ ನೋಡಿದೆ. ಅರ್ಧಕ್ಕರ್ಧ ಗೂಡು ಖಾಲಿ. ಕೆಳಗೆ ಪುಕ್ಕ, ಒಡೆದ ತತ್ತಿ, ಕವಣೆ ಕಲ್ಲು.

ಕೆರೆ ಕಾಯುವ ಫಕೀರಪ್ಪನನ್ನು ಹಿಡಿದೆ. ಹಿಂದೆ ಯಾರಾದರೂ ಕವಣೆ ಎತ್ತಿದರೆ ಅವರ ವಂಶವನ್ನೇ ಜಾಲಾಡುತ್ತಿದ್ದ ಮನುಷ್ಯ.

"ಚಿಂತಿ ಮಾಡಬ್ಯಾಡ್ರಿ ಮಾಸ್ತರ. ದಾರದ ಹಕ್ಕಿಗೆ ಯಾರೂ ಕೈ ಹಚ್ಚಿಲ್ಲ. ದ್ಯಾಮವ್ವಗ ಬಿಟ್ಟದ್ದನ್ನ ಮುಟ್ಟಾಕ ಯಾರಿಗೆ ಎದಿ ಐತ್ರಿ?"

"ದ್ಯಾಮವ್ವಗ ಬಿಟ್ಟವರು ಯಾರೋ?"

"ನೀವ ಅಲ್ಲೇನ್ರಿ, ಕೆಂಪು ದಾರ ಕಟ್ಟಿದವ್ರು? ದೇವಿಗೆ ಬಿಟ್ಟ ಕ್ವಾಣಕ್ಕ ಕಟ್ಟೂದೂ ಅದ ದಾರ."

"ಉಳಿದವು?"

"ಅವನ್ನ ನೀವು ಬಿಟ್ಟಿಲ್ಲಲ್ರಿ. ದಾರ ಇಲ್ಲದ್ದು ತಿಂದ್ರ ನಿಂದೇನ್ ಗಂಟು ಹೋಗ್ತೈತಿ ಅಂತ ಮಂದಿ ನನ್ನ ಮ್ಯಾಲ ಬರ್ತಾರ. ಏನ್ ಹೇಳ್ಲಿ?"

"ಅದು ಗುರುತಿಗೆ ಕಟ್ಟಿದ್ದೋ ಮಾರಾಯಾ! ತಿರುಗಿ ಬರ್ತಾವೇನು ನೋಡಾಕ."

"ಬಂದ್ರ?"

"ನೋಟ್‌ಬುಕ್ಕಿನಾಗ ಬರ್ಕೋತೇನಿ."

"ಬರ್ಕೊಂಡ ಮ್ಯಾಲ?"

ನೋಟ್‌ಬುಕ್ಕನ್ನು ಬಗಲಿಗೆ ಸೇರಿಸಿದೆ.

ಹೊರಟಾಗ ಅವನೇ ಕರೆದು ಕೇಳಿದ: "ಮಾಸ್ತರ, ಅದರ ಜೋಡಿಗೆ ದಾರ ಇಲ್ರಿ. ಅದನ್ನೇನು ಮಾಡೂದು?"

ಜೋಡಿ ಹೋದರೆ ಈ ಒಂಟಿ ಹಕ್ಕಿ ತತ್ತಿಗೆ ಕಾವು ಕೊಡಬೇಕೋ, ಮೀನು ಹಿಡಿಯಬೇಕೋ? ಉಳಿದವಕ್ಕೆಲ್ಲ ದಾರ ಕಟ್ಟೋಣವೆಂದರೆ, ದೊಡ್ಡ ಹಕ್ಕಿ ಕೈಗೆ ಸಿಗಬೇಕಲ್ಲ! (ಸಿಕ್ಕರೂ, ಬಟ್ಟೆಗೂ ರೇಷನ್ ಇರುವ ಯುದ್ಧದ ಈ ದಿನಗಳಲ್ಲಿ ದಾರ ಎಲ್ಲಿ ಸಿಗುತ್ತದೆ?)

ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಎಲ್ಲ ಕೇಳಿ, ಡಬ್ಬಿಯಿಂದ ಉಳಿದ ದಾರದುಂಡೆ ತೆಗೆದು ನನ್ನ ಮುಂದಿಟ್ಟಳು. "ಹಕ್ಕಿಗೆ ಯಾಕ ಕಟ್ಟಾಕ ಹೋಗ್ತೀರಿ? ಗಿಡಕ್ಕ ಕಟ್ರಿ."

ಮರುದಿನ ನಾಲ್ಕೂ ಜಾಲಿಗೆ ಕೆಂಪು ದಾರ ಸುತ್ತಿದೆ. ಫಕೀರಪ್ಪ ಕೈ ಮುಗಿದು ನಿಂತ. ದ್ಯಾಮವ್ವನದೆಂದೇ ತಿಳಿಯಲಿ ಎಂದು ಬಿಟ್ಟೆ. ಅಂದಿನಿಂದ ಒಂದು ಕವಣೆಯೂ ಎದ್ದಿಲ್ಲ.

ಸೋಮವಾರ ಇದೇ ಕೈಯಿಂದ ಕರಿಹಲಗೆಯ ಮೇಲೆ 'ಕಂಡದ್ದನ್ನು ಮಾತ್ರ ನಂಬಿರಿ' ಎಂದು ಬರೆಯಬೇಕು. ಬರೆಯಲೇ?