ಸಪ್ಪೆ ಮೂಲಂಗಿ

ಆಗೆಲ್ಲ ಗುಡೇಕೋಟೆಯ ನಮ್ಮ ಓಣಿಯಲ್ಲಿ ಊಟಕ್ಕೆ ಕೂತವರ ಕಣ್ಣಲ್ಲಿ ನೀರು ಬಂತೆಂದರೆ, ತಟ್ಟೆಯಲ್ಲಿ ನಮ್ಮಜ್ಜಿಯ ಮೂಲಂಗಿ ಇದೆ ಎಂದೇ ತಿಳಿಯಬೇಕು. ಬೆರಳುದ್ದದ ಗಡ್ಡೆ. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯಾಗಿ ಕಚ್ಚಿದರೆ ಖಾರ ಸೀದಾ ಮೂಗಿಗೇ ಏರುತ್ತಿತ್ತು.

ಕೀಳುವ ಮೊದಲು ಒಂದು ವಾರ ಅಜ್ಜಿ ಮೂಲಂಗಿ ಮಡಿಗೆ ಹನಿ ನೀರು ಬಿಡುತ್ತಿರಲಿಲ್ಲ. ಎಲೆ ಜೋತುಬಿದ್ದರೂ ಆಕೆಯ ಮನಸ್ಸು ಕರಗದು.

"ನೀರು ಕುಡಕಂತ ಕುಂತದ್ದು ಬರೀ ನೀರ ಆಗತೈತಿ. ತಡಕಂಡದ್ದರಾಗ ಖಾರ ಕೂಡತೈತಿ. ಆ ಖಾರನ ಮೈಗೆ ಒಳ್ಳೇದು," ಎನ್ನುತ್ತಿದ್ದಳು.

ನೀರು ಸೇದಲು ಬೇಸರವಾಗಿ ಮುದುಕಿ ಕಥೆ ಕಟ್ಟುತ್ತಾಳೆ ಎಂದು ನನ್ನ ಗುಮಾನಿ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆ, ಅಂಥದೇ ವಾರದಲ್ಲಿ, ಅಜ್ಜಿ ನಾಲ್ಕು ದಿನ ಕೊಟ್ಟೂರಿನ ಅತ್ತೆಯ ಮನೆಗೆ ಹೋದಳು. ಬಾಡಿದ ಎಲೆಗಳನ್ನು ನೋಡಿ ನನಗೆ ಪಾಪ ಅನಿಸಿತು. ದಿನಾ ಸಂಜೆ ಕದ್ದು ಕೊಡಗಟ್ಟಲೆ ನೀರು ಸುರಿದೆ. ಎಲೆಗಳು ಎದ್ದು ನಿಂತವು. ಅಬ್ಬಾ, ನನ್ನ ಖುಷಿಯೇ!

ರಾತ್ರಿ ಮರಳಿದ ಅಜ್ಜಿ ನಸುಕಿನಲ್ಲೇ ಮೂಲಂಗಿ ಕಿತ್ತು, ನನ್ನನ್ನೂ ಕರೆದುಕೊಂಡು ಕೂಡ್ಲಿಗಿ ಸಂತೆಗೆ ಹೋದಳು. ಅಲ್ಲಿ ಆಕೆ ಯಾವಾಗಲೂ ಮೊದಲು ಒಂದು ಚೂರು ಕೊಯ್ದು ಬಾಯಿಗೆ ಕೊಟ್ಟೇ ಮಾರುತ್ತಿದ್ದಳು. ಅವತ್ತು ಖಾಯಂ ಗಿರಾಕಿಯೊಬ್ಬರು ಆ ಚೂರು ಅಗಿದು ಮುಖ ಕಿವಿಚಿದರು.

"ಏನವ್ವ, ಈ ಸಲ ಸಪ್ಪಗ ಐತಲ್ಲ?"

ಅಜ್ಜಿ ತಾನೂ ಕಚ್ಚಿದಳು. ಉಗುಳಿದಳು. "ಯಾರೋ ನೀರು ಬಿಟ್ಟಾರ," ಎಂದಳು. ಸ್ವಲ್ಪ ದೂರದಲ್ಲಿ ಪಕ್ಕದ ಮನೆಯ ನಿಂಗವ್ವನೂ ಮೂಲಂಗಿ ಮಾರುತ್ತಿದ್ದಳು. ಇಬ್ಬರಿಗೂ ಒಂದೇ ಬಾವಿ, ಒಂದೇ ಎಲೆಯಡಿಕೆ ಚೀಲ. ಆದರೂ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಸಂಜೆ ಬಾವಿಯ ಹತ್ತಿರ ಅಜ್ಜಿ ಕೇಳಿಯೇ ಬಿಟ್ಟಳು: "ನಿಂಗವ್ವ, ಖರೇ ಹೇಳು. ನನ್ನ ಮಡಿಗೆ ನೀರು ಬಿಟ್ಟಾಕಿ ನೀನ ಹೌದಲ್ಲ?"

ನಿಂಗವ್ವ ಅಜ್ಜಿಯ ಹಿಂದೆ ಅಡಗಿದ್ದ ನನ್ನನ್ನು ನೋಡಿದಳು. ಕೆಸರು ಒಣಗಿದ್ದ ನನ್ನ ಲಂಗದ ಅಂಚು ನೋಡಿದಳು.

"ಹೂನಕ್ಕ. ಬಾಡ್ಯಾವಲ್ಲ ಅಂತ ನಾನ ಬಿಟ್ಟೆ."

"ನನ್ನ ಹೆಸರು ಕೆಡಸಾಕ ಬಿಟ್ಟಿ. ಇನ್ನ ನನ್ನ ಹೊಸಲು ತುಳೀಬ್ಯಾಡ."

ಅವತ್ತಿನಿಂದ ಇಬ್ಬರೂ ಬೇರೆಬೇರೆ ಹೊತ್ತಿಗೆ ನೀರಿಗೆ ಬರತೊಡಗಿದರು. ಏಟು ಬೀಳುತ್ತದೆಂದು ಹೆದರಿ ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ವರ್ಷಗಳೇ ಕಳೆದವು.

ಈಗ ಹೊಸಪೇಟೆಯಲ್ಲಿ ಮೊಣಕೈ ದಪ್ಪದ ಮೂಲಂಗಿ ಸಿಗುತ್ತದೆ. ಅಂಗಡಿಯವನು ಬೈದರೂ ನಾನು ತುದಿ ಮುರಿದು ಕಚ್ಚಿ ನೋಡುತ್ತೇನೆ. ಬರೀ ನೀರು. ನೀರಡಿಸಿದ ಗಿಡ ತನ್ನನ್ನು ಕಾಯ್ದುಕೊಳ್ಳಲು ಕೂಡಿಸುವ ಖಾರವೇ ನಮಗೂ ಒಳ್ಳೆಯದು ಎಂದು ಓದಿದವರೂ ಈಗ ಹೇಳುತ್ತಾರೆ. ಅಜ್ಜಿ ಕಥೆ ಕಟ್ಟಿರಲಿಲ್ಲ.

ಅಜ್ಜಿ ತೀರಿಕೊಂಡು ಮಣ್ಣು ಮಾಡಿದ ದಿನ ನಿಂಗವ್ವ ಬಂದು ಹೊಸ್ತಿಲ ಹೊರಗೇ ನಿಂತಿದ್ದಳು. ನಾನು ಆಕೆಯ ಕೈ ಹಿಡಿದುಕೊಂಡು, ನೀರು ಬಿಟ್ಟವಳು ನಾನೇ ಎಂದು ಅಳುತ್ತ ಹೇಳಿದೆ. "ಗೊತ್ತೈತಿ ಬಿಡು ಮಗಳ," ಎಂದಳು. ಒಳಗೆ ಬಾ ಎಂದು ಎಳೆದೆ. ಆಕೆ ಕಾಲು ಎತ್ತಲಿಲ್ಲ.

"ಕರೀಬೇಕಾದಾಕಿ ಹೋದ್ಲಲ್ಲವ್ವ."